ದಾಕ್ಷಾಯಿಣಿ ವೇಲಾಯುಧನ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ಸಂವಿಧಾನ ಸಭೆಯಲ್ಲಿದ್ದ 15 ಹೆಣ್ಣುಮಕ್ಕಳ ಹೆಸರು ಹಾಕಿ, ಅವರಲ್ಲಿ ದಾಕ್ಷಾಯಿಣಿ ವೇಲಾಯುಧನ್ ಒಬ್ಬರೇ ದಲಿತ ಮಹಿಳೆ ಅಂತ ಎರಡು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಅವರ ಬಗ್ಗೆಯೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದವೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಪೂರ್ತಿ ಜಾಗ ಅವರಿಗೇ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಬಿ.ಎಸ್ಸಿ. ಎರಡನೇ ವರ್ಷ ಓದ್ತಿದ್ದೇನೆ. ನವೆಂಬರ್ 26ಕ್ಕೆ ಕಾಲೇಜಿನಲ್ಲಿ ಸಂವಿಧಾನ ದಿನ. ಭಾಷಣ ಮಾಡು ಅಂತ ನಮ್ಮ ಎನ್‌ಎಸ್‌ಎಸ್ ಸರ್ ಹೇಳಿದ್ದಾರೆ. ಎಲ್ಲರೂ ಅಂಬೇಡ್ಕರ್ ಬಗ್ಗೆ ಮಾತಾಡ್ತಾರೆ, ನಾನು ದಾಕ್ಷಾಯಿಣಿ ಅವರ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಅವರು ಯಾರು, ಹೇಗೆ ಅಲ್ಲಿಗೆ ಹೋದರು, ಸ್ವಲ್ಪ ವಿವರವಾಗಿ ಹೇಳ್ತೀರಾ?
— ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಖಂಡಿತ ಮಾತಾಡು ತಂಗಿ. ನೀನು ಬಿ.ಎಸ್ಸಿ. ಅಂದಿದ್ದು ಇನ್ನೂ ಒಳ್ಳೆಯದಾಯ್ತು, ಯಾಕೆ ಅಂತ ಮುಂದೆ ಹೇಳ್ತೇನೆ.

ಅವರು ಹುಟ್ಟಿದ್ದು 1912ರ ಜುಲೈ 4ಕ್ಕೆ, ಎರ್ನಾಕುಲಂ ಪಕ್ಕದ ಮುಳವುಕಾಡ್ ಅನ್ನೋ ದ್ವೀಪದಲ್ಲಿ. ಆಗ ಅದು ಕೊಚ್ಚಿ ಸಂಸ್ಥಾನ. ಅವರದ್ದು ಪುಲಯ ಸಮುದಾಯ. ಭತ್ತದ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ಜೀತ ಮಾಡಿದ ಜನ. ಜೀತ ಅಂದರೆ ಏನು ಅಂತ ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಮನೆಯ ಹಿರಿಯರನ್ನ ಕೇಳಿದರೆ ಸಾಕು. ಪುಲಯರು ಎಲ್ಲರೂ ಓಡಾಡುವ ದಾರಿಯಲ್ಲಿ ನಡೆಯುವ ಹಾಗಿರಲಿಲ್ಲ. ಮೇಲುಜಾತಿಯವರು ಎದುರು ಬಂದರೆ ಇಷ್ಟು ದೂರ ಅಂತ ಸರಿದು ನಿಲ್ಲಬೇಕಿತ್ತು. ಹೆಣ್ಣುಮಕ್ಕಳು ಎದೆಯ ಮೇಲೆ ಬಟ್ಟೆ ಹಾಕುವ ಹಾಗಿರಲಿಲ್ಲ. ಕೊರಳಿಗೆ ಕಲ್ಲುಮಣಿಗಳ ಸರ ಮಾತ್ರ.

ಅವರು ಇನ್ನೂ ಒಂದು ವರ್ಷವೂ ತುಂಬದ ಕೂಸಾಗಿದ್ದಾಗ, 1913ರಲ್ಲಿ, ಎರ್ನಾಕುಲಂನಲ್ಲಿ ಒಂದು ಸಭೆ ನಡೆಯಿತು. ನಿನ್ನ ಭಾಷಣದಲ್ಲಿ ಇದನ್ನ ಬಿಡಲೇಬೇಡ. ಪುಲಯರು ಒಟ್ಟು ಸೇರಿ ತಮ್ಮ ಕಷ್ಟ ಮಾತಾಡಿಕೊಳ್ಳಬೇಕು ಅಂದರೆ ಕೂರೋಕೆ ಒಂದು ಅಂಗೈಯಗಲ ನೆಲ ಸಿಗಲಿಲ್ಲ. ಭೂಮಿಯೆಲ್ಲ ರಾಜನದ್ದು, ಅವನ ನೆಲದ ಮೇಲೆ ಇವರು ಸಭೆ ಸೇರುವ ಹಾಗಿಲ್ಲ. ಆದರೆ ನೀರಿನ ಮೇಲೆ ಅಂಥ ಕಟ್ಟಳೆ ಏನೂ ಇರಲಿಲ್ಲ. ಸರಿ, ಸಣ್ಣ ದೋಣಿಗಳನ್ನೆಲ್ಲ ತಂದು ಹಿನ್ನೀರಿನಲ್ಲಿ ಒಂದಕ್ಕೊಂದು ಕಟ್ಟಿದರು. ಅದರ ಮೇಲೆ ಹಲಗೆ ಹಾಸಿ ಅಲ್ಲೇ ಕೂತು ಸಭೆ ಮಾಡಿದರು. ಕಾಯಲ್ ಸಮ್ಮೇಳನ ಅಂತ ಅದರ ಹೆಸರು, ಕಾಯಲ್ ಅಂದರೆ ಹಿನ್ನೀರು. ದಾಕ್ಷಾಯಿಣಿ ಅವರ ಮನೆತನದ ಹಿರಿಯರು ಈ ಚಳವಳಿಯ ಒಳಗೇ ಇದ್ದವರು. ಹಾಗಾಗಿ ಆ ಮನೆಯಲ್ಲಿ ಹೆಣ್ಣುಮಗುವಿಗೆ ಮೇಲ್ವಸ್ತ್ರ ಹಾಕಿದರು, ಸ್ಕೂಲಿಗೂ ಕಳಿಸಿದರು. ಎರಡೂ ಆಗಿನ ಕಾಲಕ್ಕೆ ದೊಡ್ಡ ಧೈರ್ಯದ ಕೆಲಸ.

ಇನ್ನು ಬಿ.ಎಸ್ಸಿ. ವಿಷಯ. ಅವರು ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಪ್ರಯೋಗ ಮಾಡಿ ತೋರಿಸುವಾಗ ಮೇಲುಜಾತಿಯ ಮೇಷ್ಟ್ರು ಇವರನ್ನ ಹತ್ತಿರ ಸೇರಿಸುತ್ತಿರಲಿಲ್ಲ. ಉಳಿದವರೆಲ್ಲ ಮೇಜಿನ ಸುತ್ತ, ಇವರೊಬ್ಬರು ದೂರ. ನೀನೇ ನೋಡಿರ್ತೀಯಲ್ಲ, ಟೈಟ್ರೇಷನ್ ಮಾಡುವಾಗ ಬ್ಯುರೆಟ್‌ನಿಂದ ಒಂದೊಂದೇ ಹನಿ ಬೀಳುತ್ತೆ, ಬಣ್ಣ ತಿರುಗೋದು ಒಂದೇ ಹನಿಗೆ, ಕಣ್ಣು ಅಲ್ಲೇ ಇರಬೇಕು. ದೂರದಲ್ಲಿ ನಿಂತವರಿಗೆ ಅಂಥದ್ದೆಲ್ಲ ಎಷ್ಟು ಕಂಡೀತು? ಅವರು ಹಾಗೇ ನಿಂತು, ನೋಡಿ, ಕಲಿತು 1935ರಲ್ಲಿ ಪದವಿ ತಗೊಂಡರು. ದೇಶದಲ್ಲೇ ಪದವಿ ಪಡೆದ ಮೊದಲ ದಲಿತ ಮಹಿಳೆ ಅಂತ ಅವರನ್ನ ಕರೆಯುತ್ತಾರೆ. ಆಮೇಲೆ ಮದ್ರಾಸಿನಲ್ಲಿ ಶಿಕ್ಷಕರ ತರಬೇತಿ ಪಡೆದರು. 1945ರವರೆಗೆ ತ್ರಿಶೂರಿನ ಕಡೆ ಸರ್ಕಾರಿ ಹೈಸ್ಕೂಲುಗಳಲ್ಲಿ ಟೀಚರ್ ಆಗಿದ್ದರು.

1940ರಲ್ಲಿ ವಾರ್ಧಾದ ಸೇವಾಗ್ರಾಮದಲ್ಲಿ ಆರ್. ವೇಲಾಯುಧನ್ ಜೊತೆ ಮದುವೆ. ಗಾಂಧೀಜಿ, ಕಸ್ತೂರಬಾ ಎದುರಿಗಿದ್ದರು. ಕುಷ್ಠರೋಗ ಇದ್ದವರೊಬ್ಬರು ಪೌರೋಹಿತ್ಯ ಮಾಡಿದರು. ವೇಲಾಯುಧನ್ ಕೂಡ ದಲಿತರು, ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರ ಹತ್ತಿರದ ಸಂಬಂಧಿ.

1945ರಲ್ಲಿ ಕೊಚ್ಚಿ ಶಾಸನ ಪರಿಷತ್ತಿಗೆ ನೇಮಕ. ಮರುವರ್ಷ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಆಯ್ಕೆ. ಇದು ಜನ ನೇರವಾಗಿ ಓಟು ಹಾಕಿದ ಚುನಾವಣೆ ಅಲ್ಲ, ಪ್ರಾಂತ್ಯಗಳ ಶಾಸಕರು ಸಂವಿಧಾನ ಸಭೆಯ ಸದಸ್ಯರನ್ನ ಆರಿಸುತ್ತಿದ್ದರು. ಇದನ್ನ ಭಾಷಣದಲ್ಲಿ ಸರಿಯಾಗಿ ಹೇಳು, ಯಾರಾದರೂ ಕೇಳಿದರೆ ತಡವರಿಸಬಾರದು. 1946ರ ಡಿಸೆಂಬರ್ 9ಕ್ಕೆ ಸಭೆ ಮೊದಲ ಸಲ ಸೇರಿದಾಗ ಅವರ ವಯಸ್ಸು 34. ದೇಶ ಭಾಗವಾದ ಮೇಲೆ ಸಭೆಯಲ್ಲಿ ಉಳಿದದ್ದು 299 ಜನ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ನಮ್ಮಲ್ಲಿ ಸಂಜೆ ಒಂದಷ್ಟು ಜನ ಸೇರಿ ಪತ್ರಿಕೆ ಓದುವ ಅಭ್ಯಾಸ ಇದೆ. ನಿಮ್ಮ ಬರಹ ಓದಿ ಒಬ್ಬ ಗೆಳೆಯರು, 'ಆಕೆ ಗಾಂಧಿ ಕಡೆಯವರು, ಅಂಬೇಡ್ಕರ್ ವಿರೋಧಿ, ಅವರನ್ನ ಯಾಕೆ ಎತ್ತಿ ಹಿಡೀತೀರಿ' ಅಂದರು. ಅವರ ಮಾತಲ್ಲಿ ನಿಜ ಎಷ್ಟು?
— ಚಿಂತಾಮಣಿ

ಉತ್ತರ: ಸರ್, ನಿಮ್ಮ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ತಮ್ಮ ಪ್ರತಿನಿಧಿಯನ್ನ ತಾವೇ ಓಟು ಹಾಕಿ ಆರಿಸುವ ಹಕ್ಕು, ಸಿಕ್ಕಿತ್ತು. ಇದರಿಂದ ಹಿಂದೂ ಸಮಾಜ ಒಡೆಯುತ್ತೆ ಅಂತ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು, ಆ ಹಕ್ಕನ್ನ ಬಿಟ್ಟುಕೊಡುವ ಪೂನಾ ಒಪ್ಪಂದಕ್ಕೆ ಅಂಬೇಡ್ಕರ್ ಸಹಿ ಹಾಕಬೇಕಾಯಿತು. ಆ ನೋವು ನಮ್ಮ ಜಿಲ್ಲೆಯ ಹಳೆಯ ಹೋರಾಟಗಾರರ ಮಾತಿನಲ್ಲಿ ಈಗಲೂ ಬರುತ್ತದೆ. ಬರಬೇಕಾದ್ದೇ.

ಆದರೆ ದಾಕ್ಷಾಯಿಣಿ ಅವರ ಮಾತುಗಳನ್ನ ಪೂರ್ತಿ ಓದಿದರೆ ಈ ಕಡೆ, ಆ ಕಡೆ ಅಂತ ವಿಂಗಡಿಸೋಕೆ ಆಗೋದಿಲ್ಲ. 1947ರ ಆಗಸ್ಟ್ 28ರಂದು ಸಭೆಯ ಮುಂದೆ ಒಂದು ತಿದ್ದುಪಡಿ ಬಂತು. ಮೀಸಲು ಕ್ಷೇತ್ರದಲ್ಲಿ ಗೆಲ್ಲುವ ದಲಿತ ಅಭ್ಯರ್ಥಿಗೆ ದಲಿತರದ್ದೇ ಓಟಿನಲ್ಲಿ ಇಂತಿಷ್ಟು ಪಾಲು ಬಿದ್ದಿರಬೇಕು ಅಂತ. ತಂದವರು ಮದ್ರಾಸ್ ಪ್ರಾಂತ್ಯದ ಎಸ್. ನಾಗಪ್ಪ, ಅವರೂ ದಲಿತರೇ. ದಾಕ್ಷಾಯಿಣಿ ಎದ್ದು ಅದನ್ನ ವಿರೋಧಿಸಿದರು. ಅವರು ಕೊಟ್ಟ ಕಾರಣ ಗಾಂಧೀಜಿ ಕೊಟ್ಟ ಕಾರಣ ಅಲ್ಲ ಅನ್ನೋದನ್ನ ಗಮನಿಸಿ. ದಲಿತರು ಎಲ್ಲಿವರೆಗೆ ಹೊಟ್ಟೆಪಾಡಿಗೆ ಬೇರೆಯವರ ಗುಲಾಮರಾಗಿರುತ್ತಾರೋ ಅಲ್ಲಿವರೆಗೆ ಪ್ರತ್ಯೇಕ ಮತಕ್ಷೇತ್ರ, ಎಲ್ಲರೂ ಸೇರಿ ಓಟು ಹಾಕುವ ಜಂಟಿ ಮತಕ್ಷೇತ್ರ, ಈ ಪರ್ಸೆಂಟೇಜಿನ ಲೆಕ್ಕ, ಯಾವುದಕ್ಕೂ ಅರ್ಥವಿಲ್ಲ ಅನ್ನೋದು ಅವರ ವಾದ. ಕೂಲಿ ಕೊಡುವ ಧಣಿಯ ಮನೆ ಜಗಲಿ ಕೆಳಗೆ ನಿಂತವನ ಓಟು ಯಾರದ್ದು ಅನ್ನೋ ಪ್ರಶ್ನೆ ಅದು. ಸರ್, ನೀವು ಚಿಂತಾಮಣಿಯವರು, ಹಳೆಯ ಚುನಾವಣೆಗಳನ್ನ ನೋಡಿದವರು. ಈ ಪ್ರಶ್ನೆ ಸುಳ್ಳು ಅಂತ ಹೇಳೋಕೆ ನಿಮಗಾದರೂ ಆಗುತ್ತಾ?

ಅವರು ಅಂಬೇಡ್ಕರರನ್ನ ಹೊಗಳಿದ್ದೂ ಉಂಟು, ಟೀಕೆ ಮಾಡಿದ್ದೂ ಉಂಟು. 1948ರ ನವೆಂಬರ್ 8ರಂದು ಕರಡು ಸಂವಿಧಾನದ ಮೇಲೆ ಮಾತಾಡುತ್ತಾ, ಇದರಲ್ಲಿ ಕೇಂದ್ರದ ಕೈಗೆ ಅತಿಯಾದ ಬಲ ಕೊಟ್ಟಿದ್ದೀರಿ, ಅಧಿಕಾರ ಕೆಳಗೆ ಹಂಚಿಹೋಗುವ ದಾರಿ ಕಾಣಿಸ್ತಿಲ್ಲ ಅಂದರು. ಮೇಲಿನಿಂದ ಗವರ್ನರ್ ನೇಮಿಸುವ ಪದ್ಧತಿಯನ್ನೂ ಅವರು ಒಪ್ಪಲಿಲ್ಲ. ಅಂಬೇಡ್ಕರ್ ಅದಕ್ಕೆ ನಾಲ್ಕು ದಿನ ಮುಂಚೆ, ನವೆಂಬರ್ 4ರ ಭಾಷಣದಲ್ಲಿ, ಹಳ್ಳಿಯನ್ನ ಸಂವಿಧಾನದ ತಳಪಾಯ ಮಾಡೋದನ್ನ ಖಡಾಖಂಡಿತವಾಗಿ ತಳ್ಳಿಹಾಕಿದ್ದರು. ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತಿಯ ಗೂಡು ಅನ್ನೋದು ಅವರ ಅನುಭವ.

ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರೂ ಸರಿ. ಬರೀ ಪಂಚಾಯ್ತಿ ಕೊಟ್ಟು ಮೀಸಲಾತಿ ಕೊಡದೆ ಇದ್ದಿದ್ದರೆ ಅದು ಹಳೆಯ ಗೌಡರ ಕಟ್ಟೆ ಪಂಚಾಯ್ತಿಯೇ ಆಗುತ್ತಿತ್ತು, ಅಂಬೇಡ್ಕರ್ ಹೆದರಿದ ಹಾಗೆ. ಅಧಿಕಾರವನ್ನ ದೆಹಲಿಯಲ್ಲೇ ಕಟ್ಟಿಟ್ಟುಕೊಂಡಿದ್ದರೆ ಊರಿನ ನಲ್ಲಿ ರಿಪೇರಿಗೂ ಅರ್ಜಿ ಹಿಡಿದು ಅಲೆಯಬೇಕಿತ್ತು, ದಾಕ್ಷಾಯಿಣಿ ಹೇಳಿದ ಹಾಗೆ. 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂದ 73ನೇ ತಿದ್ದುಪಡಿಯಲ್ಲಿ ಪಂಚಾಯ್ತಿಯೂ ಬಂತು, ಅದರೊಳಗೆ ದಲಿತರಿಗೂ ಹೆಣ್ಣುಮಕ್ಕಳಿಗೂ ಮೀಸಲಾತಿಯೂ ಬಂತು. 1948ರಲ್ಲಿ ಎದುರುಬದುರು ನಿಂತಿದ್ದ ಆ ಎರಡು ಮಾತು ಒಂದೇ ಕಾನೂನಿನೊಳಗೆ ಸೇರೋಕೆ 45 ವರ್ಷ ಬೇಕಾಯ್ತು.

ನಿಮ್ಮ ಗೆಳೆಯರಿಗೆ ಇನ್ನೊಂದು ಮಾತು ಹೇಳಿ ಸರ್. ಒಬ್ಬ ದಲಿತ ಹೆಣ್ಣುಮಗಳು ಗಾಂಧೀಜಿ ಎದುರೇ ಮದುವೆಯಾಗಿ, ಅಂಬೇಡ್ಕರ್ ಎದುರೇ ಅವರ ಕರಡನ್ನ ಟೀಕಿಸಿ, ತನ್ನದೇ ಸಮುದಾಯದ ಸದಸ್ಯರ ತಿದ್ದುಪಡಿಯನ್ನೂ ವಿರೋಧಿಸಿದ್ದಾರೆ. ಅವರ ನಿಲುವು ನಮಗೆ ಒಪ್ಪಿಗೆಯಾಗದೆ ಇರಬಹುದು. ಆದರೆ ಅದು ಅವರ ತಲೆಯಲ್ಲಿ ಹುಟ್ಟಿದ ನಿಲುವು. ಯಾರೋ ಬರೆದುಕೊಟ್ಟಿದ್ದನ್ನ ಅವರು ಓದಲಿಲ್ಲ. ನಾನು ಅವರನ್ನ ಎತ್ತಿ ಹಿಡಿಯೋದು ಅದಕ್ಕೆ.

ಪ್ರಶ್ನೆ: ಆ 15 ಜನರಲ್ಲಿ ನಮ್ಮ ಮೈಸೂರು ಕಡೆಯವರು ಯಾರಾದರೂ ಇದ್ದರಾ? ಕೋಲಾರದವರು?
— ಶ್ರೀನಿವಾಸಪುರ

ಉತ್ತರ: ಇರಲಿಲ್ಲ. ಮೈಸೂರು ಸಂಸ್ಥಾನದಿಂದ ಹೋದವರೆಲ್ಲ ಗಂಡಸರೇ. ಅವರಲ್ಲಿ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ನಮ್ಮ ಜಿಲ್ಲೆಯವರು, ಮುಂದೆ ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು. ಕೋಲಾರ ಲೋಕಸಭಾ ಕ್ಷೇತ್ರದಿಂದ ಇದುವರೆಗೂ ಒಬ್ಬ ಮಹಿಳೆಯೂ ಗೆದ್ದು ದೆಹಲಿಗೆ ಹೋಗಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೇನೆ. ವಿಧಾನಸಭೆಗೆ ಮಾತ್ರ ಕೆಜಿಎಫ್‌ನವರು 2013ರಲ್ಲಿ ವೈ. ರಾಮಕ್ಕ ಅವರನ್ನ, 2018 ಮತ್ತು 2023ರಲ್ಲಿ ಎಂ. ರೂಪಕಲಾ ಅವರನ್ನ ಆರಿಸಿ ಕಳಿಸಿದ್ದಾರೆ. ಬೇರೆ ಬೇರೆ ಪಕ್ಷ, ಆದರೆ ಮೂರು ಸಲವೂ ಹೆಣ್ಣುಮಕ್ಕಳು. ಉಳಿದ ತಾಲ್ಲೂಕಿನವರು ಸ್ವಲ್ಪ ಆ ಕಡೆ ನೋಡಬೇಕು.

ಪ್ರಶ್ನೆ: ಅಕ್ಕಾ, ನಾನು ಎಸ್‌ಸಿ ಮಹಿಳಾ ಮೀಸಲಿನಲ್ಲಿ ಗೆದ್ದ ಗ್ರಾಮ ಪಂಚಾಯ್ತಿ ಸದಸ್ಯೆ. ಓದಿರೋದು ಏಳನೇ ಕ್ಲಾಸು. ಮೀಟಿಂಗಿಗೆ ನಮ್ಮ ಯಜಮಾನರೇ ಹೋಗ್ತಾರೆ, ಸಹಿ ಮಾಡೋಕೆ ಮಾತ್ರ ಪುಸ್ತಕ ಮನೆಗೆ ಬರುತ್ತೆ. ಒಂದು ಸಲ ನಾನೇ ಹೋಗಿದ್ದೆ, ಏನೋ ಕೇಳಬೇಕು ಅಂತ ಎದ್ದೆ, 'ಕೂತ್ಕೊಳಮ್ಮ, ನಿಮ್ಮ ಯಜಮಾನ್ರಿಗೆ ಎಲ್ಲ ಗೊತ್ತು' ಅಂದುಬಿಟ್ಟರು. ಆ ಅಮ್ಮ ಅಷ್ಟು ದೊಡ್ಡ ಸಭೆಯಲ್ಲಿ ಹೇಗೆ ಮಾತಾಡಿದರು? ಅವರ ಯಜಮಾನರು ಏನೂ ಅನ್ನಲಿಲ್ವಾ?
— ಬಂಗಾರಪೇಟೆ ತಾಲ್ಲೂಕು

ಉತ್ತರ: ಈ ಪತ್ರವನ್ನ ಮತ್ತೆ ಮತ್ತೆ ಓದಿದೆ ಅಮ್ಮಾ. ಬೇರೆ ಎಲ್ಲ ಪ್ರಶ್ನೆಗಿಂತ ಇದಕ್ಕೆ ಉತ್ತರ ಕೊಡಬೇಕು ಅಂತ ನನಗೆ ಜಾಸ್ತಿ ಅನ್ನಿಸಿತು.

ಅವರ ಯಜಮಾನರ ವಿಷಯ ಮೊದಲು. ವೇಲಾಯುಧನ್ ಕೂಡ ರಾಜಕೀಯದವರೇ. ಸಂವಿಧಾನ ಜಾರಿಯಾದ ಮೇಲೆ ಮೊದಲ ಚುನಾವಣೆ ಆಗುವ ತನಕ ಒಂದು ಹಂಗಾಮಿ ಸಂಸತ್ತು ಇತ್ತು. ಅದರಲ್ಲಿ ಇಬ್ಬರೂ ಸದಸ್ಯರು. ಸಂಸತ್ತಿನಲ್ಲಿ ಒಟ್ಟಿಗಿದ್ದ ಮೊದಲ ದಲಿತ ದಂಪತಿ ಅಂತ ಅವರನ್ನ ಹೇಳ್ತಾರೆ. ಆದರೆ ಹೆಂಡತಿಯ ಕುರ್ಚಿ ಹೆಂಡತಿಯದ್ದು, ಗಂಡನ ಕುರ್ಚಿ ಗಂಡನದ್ದು. ದಾಕ್ಷಾಯಿಣಿ ಅವರಂತೂ ಗಂಡನಿಗಿಂತ ಮುಂಚೆಯೇ ಸಂವಿಧಾನ ಸಭೆಯಲ್ಲಿ ಕೂತವರು.

ಹೇಗೆ ಮಾತಾಡಿದರು ಅಂತ ಕೇಳಿದ್ದೀರಿ. ಸಭೆ ಶುರುವಾಗಿ ಹತ್ತೇ ದಿನಕ್ಕೆ, 1946ರ ಡಿಸೆಂಬರ್ 19ಕ್ಕೆ, ಅವರು ಮಾತಾಡಲು ಎದ್ದರು. ಸಂವಿಧಾನದ ಗುರಿಗಳೇನು ಅಂತ ಹೇಳುವ, ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದ ಮೇಲೆ ಚರ್ಚೆ ನಡೀತಿತ್ತು. ದೊಡ್ಡ ದೊಡ್ಡ ಬ್ಯಾರಿಸ್ಟರುಗಳು, ಜಮೀನ್ದಾರರು, ಜೈಲು ಕಂಡು ಬಂದ ಮುಖಂಡರು ಕೂತಿದ್ದ ಸಭೆ. ಅಲ್ಲಿ ಈ 34ರ ಟೀಚರ್ ಹೇಳಿದ್ದು ಇಷ್ಟು. ಸಂವಿಧಾನ ಸಭೆಯ ಕೆಲಸ ಬರೀ ಕಾನೂನು ಬರೆಯೋದಲ್ಲ, ಜನಕ್ಕೆ ಬದುಕುವ ಹೊಸ ರೀತಿಯನ್ನೇ ಕೊಡಬೇಕು. ಏಳು ಕೋಟಿ ದಲಿತರನ್ನ ಅಲ್ಪಸಂಖ್ಯಾತರು ಅಂತ ಕರೆಯೋದನ್ನ ನಾನು ಒಪ್ಪೋದಿಲ್ಲ. ನಮಗೆ ಬೇಕಾಗಿರೋದು ಕಾಗದದ ಮೇಲಿನ ತರಹೇವಾರಿ ರಕ್ಷಣೆಗಳಲ್ಲ, ನೈತಿಕ ರಕ್ಷಣೆ, ನಮ್ಮ ಮೇಲಿರುವ ಸಾಮಾಜಿಕ ಕಟ್ಟುಪಾಡುಗಳು ತಕ್ಷಣ ಹೋಗೋದು. ಇದು ಅವರ ಮಾತಿನ ಸಾರ. ಪದ ಪದ ನನ್ನದು, ವಿಷಯ ಅವರದ್ದು.

ಈಗ ನಿಮ್ಮ ವಿಷಯಕ್ಕೆ ಬರ್ತೇನೆ. ನಮ್ಮ ಜಿಲ್ಲೆಯ ಪಂಚಾಯ್ತಿ ಮೀಟಿಂಗ್ ಹೇಗಿರುತ್ತೆ ಅಂತ ನಾನೂ ನೋಡಿದ್ದೇನೆ. ಮಧ್ಯದ ಕುರ್ಚಿಯಲ್ಲಿ ಅಧ್ಯಕ್ಷೆ, ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅವರ ಗಂಡ. ಪಿಡಿಒ ಓದಿ ಹೇಳೋದು ಗಂಡನ ಮುಖ ನೋಡಿಕೊಂಡು. ಬೋರ್‌ವೆಲ್ ಮೋಟರ್ ಸುಟ್ಟಿದ್ದು, ಬೀದಿದೀಪ, ನರೇಗಾ ಬಿಲ್ಲು ಎಲ್ಲದಕ್ಕೂ ಆತನೇ 'ಆಯ್ತು, ಮಾಡೋಣ' ಅಂತಾನೆ. ಕೊನೆಗೆ ನಡಾವಳಿ ಪುಸ್ತಕ ತಿರುಗಿಸಿ ಆಕೆ ಮುಂದೆ ಇಡ್ತಾರೆ, ಎಲ್ಲಿ ಸಹಿ ಮಾಡಬೇಕು ಅಂತ ಬೆರಳಿಟ್ಟು ತೋರಿಸ್ತಾರೆ. ಕೆಲವು ಸಲ ಆ ಪುಟದಲ್ಲಿ ಸಹಿ ಮೇಲುಗಡೆ ಜಾಗ ಖಾಲಿ ಇರುತ್ತೆ. ಆಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ಈ ಖಾಲಿ ಜಾಗದ ಬಗ್ಗೆ ನೀವು ತುಂಬಾ ಹುಷಾರಾಗಿರಬೇಕು. ಮುಂದೆ ಲೆಕ್ಕ ಪರಿಶೋಧನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಬಂದರೆ ಕೇಳೋದು ಸಹಿ ಮಾಡಿದವರನ್ನ, ನಿಮ್ಮ ಯಜಮಾನರನ್ನಲ್ಲ.

ಕಾನೂನು ನಿಮ್ಮ ಕಡೆಗಿದೆ. ಸದಸ್ಯೆಯ ಬದಲು ಗಂಡ, ಮಗ, ಮೈದುನ ಯಾರೇ ಆಗಲಿ ಸಭೆಯಲ್ಲಿ ಕೂತು ತೀರ್ಮಾನ ಮಾಡೋಕೆ ಅವಕಾಶವೇ ಇಲ್ಲ. ಮೀಟಿಂಗಿನ ನೋಟಿಸು ನಿಮ್ಮ ಹೆಸರಿಗೆ ಬರಬೇಕು. ಮುಂದಿನ ಸಲ ನೋಟಿಸು ಬಂದಾಗ ಅದರಲ್ಲಿ ಬರೆದಿರೋ ವಿಷಯಗಳನ್ನ ಮನೆಯಲ್ಲೇ ಒಂದು ಸಲ ಓದಿಸಿ ಕೇಳಿ, ನಿಮ್ಮ ಬೀದಿಗೆ ಸಂಬಂಧಪಟ್ಟಿದ್ದು ಯಾವುದು ಅಂತ ಗುರುತು ಹಾಕಿಕೊಳ್ಳಿ, ಅದೊಂದನ್ನೇ ಹಿಡಿದು ಮಾತಾಡಿ. ಎಲ್ಲದರ ಬಗ್ಗೆ ಮಾತಾಡಬೇಕು ಅಂತೇನಿಲ್ಲ. 'ನಮ್ಮ ಕಾಲೋನಿಗೆ ಎರಡು ದಿನಕ್ಕೊಂದು ಸಲ ನೀರು ಬಿಡಬೇಕಿತ್ತು, ವಾರ ಆದರೂ ಬಿಟ್ಟಿಲ್ಲ, ನೀರುಗಂಟಿ ಯಾರ ಮಾತು ಕೇಳ್ತಿದ್ದಾನೆ?' ಅಂತ ಕೇಳಿ. ಇದಕ್ಕೆ ಏಳನೇ ಕ್ಲಾಸೂ ಬೇಕಾಗಿಲ್ಲ, ಕೊಡ ಹೊತ್ತವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತಿರುತ್ತೆ? ನೀವು ಹೇಳಿದ್ದನ್ನ ನಡಾವಳಿಯಲ್ಲಿ ಬರೆಯಿರಿ ಅಂತ ಪಿಡಿಒಗೆ ಅಲ್ಲೇ ಹೇಳಿ, ಬರೆದದ್ದನ್ನ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಪುಸ್ತಕ ಮನೆಗೆ ತಂದರೆ, 'ಆಫೀಸಿಗೇ ಬಂದು ಮಾಡ್ತೀನಿ' ಅಂದುಬಿಡಿ.

ಪಕ್ಕದ ವಾರ್ಡಿನ ಇನ್ನೊಬ್ಬ ಸದಸ್ಯೆಯನ್ನ ಜೊತೆಗೆ ಕರೆದುಕೊಂಡು ಹೋಗಿ. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದ್ದೇ ಅಲ್ವಾ? ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯ್ತಿ ಕಾಲದಲ್ಲೇ ನಮಗೆ ಕಾಲುಭಾಗ ಮೀಸಲಿತ್ತು, 2010ರಿಂದ ಅರ್ಧ. ಇಬ್ಬರು ಒಟ್ಟಿಗೆ ಎದ್ದು ನಿಂತರೆ 'ಕೂತ್ಕೊಳಮ್ಮ' ಅನ್ನೋಕೆ ಅವರಿಗೂ ನಾಲಿಗೆ ಏಳೋದಿಲ್ಲ.

ಮನೆಯಲ್ಲಿ ಜಗಳ ಆಗುತ್ತೆ ಅನ್ನೋ ಭಯ ನಿಮಗಿದ್ದೇ ಇರುತ್ತೆ. ಅದನ್ನ ಸುಮ್ನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಆಡಿಟ್‌ನಲ್ಲಿ ಹೆಸರು ಬರೋದು ನಿಮ್ಮದು ಅನ್ನೋ ಮಾತನ್ನ ಮೊದಲು ಯಜಮಾನರಿಗೆ ತಿಳಿಸಿ ಹೇಳಿ. ಬಹಳಷ್ಟು ಗಂಡಂದಿರಿಗೆ ಇದು ಗೊತ್ತೇ ಇರೋದಿಲ್ಲ, ಗೊತ್ತಾದ ಮೇಲೆ ಅವರೇ ಬೈಕಿನಲ್ಲಿ ಕೂರಿಸಿಕೊಂಡು ಬಂದು ಪಂಚಾಯ್ತಿ ಬಾಗಿಲಲ್ಲಿ ಬಿಟ್ಟು ಹೋದದ್ದನ್ನ ಕಂಡಿದ್ದೇನೆ. ಹೇಗಾಯ್ತು ಅಂತ ಮತ್ತೆ ಬರೀರಿ.

ಪ್ರಶ್ನೆ: ಅಸ್ಪೃಶ್ಯತೆ ನಿಷೇಧ ಅಂತ 17ನೇ ವಿಧಿ ಬಂದು 75 ವರ್ಷ ಆಯ್ತು. ನಮ್ಮ ತಾಲ್ಲೂಕಿನಲ್ಲೇ ಉಳ್ಳೇರಹಳ್ಳಿಯಲ್ಲಿ ಏನಾಯ್ತು ಅಂತ ನಿಮಗೂ ಗೊತ್ತು. ಆಕೆ ಅಲ್ಲಿ ಕೂತು ಓಟು ಹಾಕಿದ್ದರಿಂದ ನಮಗೇನು ಬಂತು?
— ಮಾಲೂರು

ಉತ್ತರ: ಗೊತ್ತು ತಮ್ಮಾ. ಓದುಗರಲ್ಲಿ ತಿಳಿಯದವರಿಗೆ ಹೇಳ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ದೇವರ ಉತ್ಸವದ ಕೋಲನ್ನ ದಲಿತ ಹುಡುಗನೊಬ್ಬ ಮುಟ್ಟಿದ. ಅದಕ್ಕೆ ಊರಿನವರು ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಮನೆಕೆಲಸ, ಕಸಗುಡಿಸುವ ಕೆಲಸ ಮಾಡಿ ಬರುವ ಹೆಣ್ಣುಮಗಳ ದುಡಿಮೆಯಲ್ಲಿ ನಡೆಯುವಂಥ ಮನೆಗೆ 60,000 ಅಂದರೆ ಏನು? ಅದಕ್ಕೂ ಹಿಂದೆ, 2000ದ ಮಾರ್ಚ್‌ನಲ್ಲಿ, ಆಗ ನಮ್ಮದೇ ಜಿಲ್ಲೆಯಾಗಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು. ಆ ಕೇಸಿನ ಆರೋಪಿಗಳು ಬಿಡುಗಡೆಯಾದರು. ನಿನ್ನ ಸಿಟ್ಟಿಗೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

17ನೇ ವಿಧಿ ಚರ್ಚೆಗೆ ಬಂದದ್ದು 1948ರ ನವೆಂಬರ್ 29ಕ್ಕೆ. ಆಗ ಕರಡಿನಲ್ಲಿ ಅದು 11ನೇ ವಿಧಿ. ದಾಕ್ಷಾಯಿಣಿ ಅದನ್ನ ಮನಸಾರೆ ಸ್ವಾಗತಿಸಿದರು. ಆದರೆ ಅವತ್ತೇ ಇನ್ನೊಂದು ಮಾತು ಹೇಳಿದರು. ಕಾನೂನನ್ನ ಜಾರಿ ಮಾಡಿದ ಮಾತ್ರಕ್ಕೆ ಆಗೋದಿಲ್ಲ, ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದರ ಮೇಲೆ ಈ ಸಂವಿಧಾನ ನಿಲ್ಲುತ್ತೆ, ಸರ್ಕಾರವೇ ನಿಂತು ಅಸ್ಪೃಶ್ಯತೆ ವಿರುದ್ಧ ಪ್ರಚಾರ ಮಾಡಬೇಕು ಅಂತ. ಲ್ಯಾಬಿನಲ್ಲಿ ದೂರ ನಿಲ್ಲಿಸಿದ್ದು ಯಾವ ಕಾನೂನಿನ ಪುಸ್ತಕದಲ್ಲೂ ಇರಲಿಲ್ಲ, ಆ ಮೇಷ್ಟ್ರ ಮನಸ್ಸಿನಲ್ಲಿತ್ತು. ಅದನ್ನ ಅನುಭವಿಸಿದವರಿಗೆ ಕಾನೂನಿನ ಮಿತಿ ಮೊದಲೇ ಗೊತ್ತಿತ್ತು.

ಏನು ಬಂತು ಅಂದರೆ ಇಷ್ಟು ಬಂತು. ಆ 17ನೇ ವಿಧಿ ಇಟ್ಟುಕೊಂಡೇ 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು, ಅದು ಸಾಲದು ಅಂತ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಉಳ್ಳೇರಹಳ್ಳಿಯಲ್ಲಿ ಕೇಸು ದಾಖಲಾಗಿದ್ದು, ಅಧಿಕಾರಿಗಳು ಆ ಬೀದಿಗೆ ಬಂದಿದ್ದು ಅದರಿಂದ. ಆ ಮನೆಯವರು ಇನ್ನು ಮೇಲೆ ಅಂಬೇಡ್ಕರ್ ಫೋಟೋ ಒಂದನ್ನೇ ಪೂಜಿಸ್ತೇವೆ ಅಂದಿದ್ದು ನಿನಗೂ ನೆನಪಿರಬಹುದು. ಮೊದಲಾಗಿದ್ದರೆ ದಂಡ ಕಟ್ಟಿ, ಊರ ಮುಂದೆ ಕೈಮುಗಿದು ಸುಮ್ಮನಾಗಬೇಕಿತ್ತು. ಸಾಲದು, ಖಂಡಿತ ಸಾಲದು. ಆದರೆ ಏನೂ ಬರಲಿಲ್ಲ ಅಂತ ಮಾತ್ರ ಹೇಳಬೇಡ, ದಂಡ ಹಾಕಿದವರಿಗೆ ಬೇಕಾಗಿರೋ ಮಾತೂ ಅದೇ.

ಪ್ರಶ್ನೆ: ಅಷ್ಟೆಲ್ಲ ಮಾಡಿದವರು ಆಮೇಲೆ ಯಾಕೆ ಮಂತ್ರಿ ಆಗಲಿಲ್ಲ? ಹೆಸರೇ ಕೇಳಿಲ್ಲವಲ್ಲ ನಾವು.
— ಗೃಹಿಣಿ, ಗೌರಿಬಿದನೂರು

ಉತ್ತರ: 1952ರಲ್ಲಿ ಹಂಗಾಮಿ ಸಂಸತ್ತು ಮುಗಿದ ಮೇಲೆ ಅವರು ಅಧಿಕಾರದ ರಾಜಕೀಯದಿಂದ ಹೆಚ್ಚುಕಮ್ಮಿ ಆಚೆ ಬಂದರು. ಐದು ಮಕ್ಕಳು, ದುಡ್ಡಿನ ಬಲ ಇಲ್ಲ. ಆ 15 ಜನರಲ್ಲಿ ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಮಂತ್ರಿ ಆದರು, ಸುಚೇತಾ ಕೃಪಲಾನಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಆದರು, ವಿಜಯಲಕ್ಷ್ಮಿ ಪಂಡಿತ್ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರಾದರು. ಅವರ ಸಾಮರ್ಥ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅವರ ಹಿಂದೆ ಮನೆತನ ಇತ್ತು, ಪಕ್ಷದ ಒಳಗೆ ಬೇರು ಇತ್ತು. ಜೀತದ ಮನೆಯಿಂದ ಓದಿ ಬಂದ ಟೀಚರ್‌ಗೆ, ಅದೂ ಯಾರ ಮುಖ ನೋಡಿಯೂ ಮಾತಾಡದೆ ತನಗನ್ನಿಸಿದ್ದನ್ನ ಹೇಳಿದವರಿಗೆ, ಕೈಹಿಡಿದು ಮುಂದೆ ಕರೆದುಕೊಂಡು ಹೋಗುವವರು ಯಾರಿದ್ದರು?

ಆದರೂ ಕೈಕಟ್ಟಿ ಕೂರಲಿಲ್ಲ. 1971ರಲ್ಲಿ ಕೇರಳದ ಅಡೂರ್ ಲೋಕಸಭಾ ಕ್ಷೇತ್ರದಿಂದ ನಿಂತು ಸೋತರು. ದೆಹಲಿಯಲ್ಲಿ ಕಸ ಗುಡಿಸುವ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದರು. 1977ರಲ್ಲಿ, 65ನೇ ವಯಸ್ಸಿನಲ್ಲಿ, ಮಹಿಳಾ ಜಾಗೃತಿ ಪರಿಷತ್ ಅಂತ ಸಂಘಟನೆ ಕಟ್ಟಿದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು. ಈಗ ಕೇರಳ ಸರ್ಕಾರ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಇಟ್ಟಿದೆ.

ಪರಿಸ್ಥಿತಿ ಈಗಲೂ ತೀರಾ ಬದಲಾಗಿಲ್ಲಮ್ಮ. 2023ರಲ್ಲಿ ನಮ್ಮ ವಿಧಾನಸಭೆಯ 224 ಸೀಟಿಗೆ ಗೆದ್ದ ಹೆಣ್ಣುಮಕ್ಕಳು 10 ಜನ. 2024ರ ಲೋಕಸಭೆಗೆ 543ರಲ್ಲಿ 74. ಮೂರರಲ್ಲಿ ಒಂದು ಸೀಟು ಮಹಿಳೆಯರಿಗೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದೆ. ಆದರೆ ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ. ಆ ಸೀಟುಗಳಲ್ಲೂ ಎಸ್‌ಸಿ, ಎಸ್‌ಟಿ ಹೆಣ್ಣುಮಕ್ಕಳಿಗೆ ಒಳಪಾಲಿದೆ. ಗೌರಿಬಿದನೂರಿನಿಂದ ಯಾರನ್ನ ನಿಲ್ಲಿಸಬೇಕು ಅಂತ ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಈಗಿಂದಲೇ ಮಾತಾಡಿಕೊಳ್ಳಿ. ಪಕ್ಷದವರು ಕೊನೇ ವಾರ ಯಾರದೋ ಹೆಂಡತಿ, ಯಾರದೋ ಸೊಸೆ ಅಂತ ಹೆಸರು ತರುವ ತನಕ ಕಾಯಬೇಡಿ.

ಪ್ರಶ್ನೆ: ಅವರ ಭಾಷಣಗಳನ್ನ ಓದಬೇಕು ಅಂದರೆ ಎಲ್ಲಿ ಸಿಗುತ್ತೆ?
— ಗ್ರಂಥಪಾಲಕರು, ಕೋಲಾರ

ಉತ್ತರ: ಸಂವಿಧಾನ ಸಭೆಯ ಚರ್ಚೆಗಳು ದಪ್ಪ ಸಂಪುಟಗಳಲ್ಲಿ ಅಚ್ಚಾಗಿವೆ, ಸಂಸತ್ತಿನ ವೆಬ್‌ಸೈಟಿನಲ್ಲೂ ದುಡ್ಡಿಲ್ಲದೆ ಓದೋಕೆ ಸಿಗುತ್ತವೆ. ಇರೋದು ಇಂಗ್ಲಿಷಿನಲ್ಲಿ, ಆದರೆ ಅವರ ಭಾಷೆ ಕಷ್ಟದ್ದಲ್ಲ. ಹೆಸರು ಹಿಡಿದು ಹುಡುಕೋದಕ್ಕಿಂತ ದಿನಾಂಕ ಹಿಡಿದು ಹುಡುಕೋದು ಸುಲಭ. ಡಿಸೆಂಬರ್ 19, 1946. ಆಗಸ್ಟ್ 28, 1947. ನವೆಂಬರ್ 8 ಮತ್ತು ನವೆಂಬರ್ 29, 1948. ಈ ನಾಲ್ಕು ದಿನದ ಪುಟಗಳನ್ನ ಪ್ರಿಂಟ್ ತೆಗೆದು ನಿಮ್ಮ ಗ್ರಂಥಾಲಯದಲ್ಲಿ ಒಂದು ಫೈಲ್ ಮಾಡಿ ಇಡ್ತೀರಾ ಸರ್? ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಕೆ ಬರುವ ಹುಡುಗ ಹುಡುಗಿಯರು ದಿನವೂ ಅಲ್ಲೇ ಕೂತಿರ್ತಾರೆ, ಅವರ ಕೈಗೆ ಸಿಗಲಿ. ಮುಳಬಾಗಿಲಿನ ತಂಗಿಗೂ ಒಂದು ಪ್ರತಿ ಬೇಕಾಗುತ್ತೆ. ಅವಳ ಭಾಷಣಕ್ಕೆ ಇನ್ನೂ ಟೈಮಿದೆ.